ಕಾಯುವವರ ಸಭೆ

ನಾಲೆಯ ನೀರು ಸರದಿಯ ಮೇಲೆ ಬರುತ್ತಿದ್ದ ಕಾಲದಲ್ಲಿ, ಇಂದು ರಾತ್ರಿ ಎರಡನೆಯ ಜಾವ ಕಳೆದ ಮೇಲೆ ನಿಮ್ಮ ತೂಬಿಗೆ ತಿರುಗುತ್ತದೆಂದು ನೀರುಗಂಟಿ ಹೇಳಿಹೋದ ದಿವಸ, ನನ್ನ ತಂದೆ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು, ಒಂದು ಕೈಯಲ್ಲಿ ಗುದ್ದಲಿಯನ್ನೂ ಇನ್ನೊಂದರಲ್ಲಿ ಲಾಂದ್ರವನ್ನೂ ಹಿಡಿದು ಮದ್ದೂರು ಸೀಮೆಯ ನಮ್ಮ ಗದ್ದೆಬಯಲಿಗೆ ಹೊರಟರೆ, ಹತ್ತು ವರ್ಷದ ಬಾಲಕನಾದ ನಾನೂ ಹಿಂದೆಯೇ ನಡೆಯುತ್ತಿದ್ದೆನು. ತೂಬಿನ ಬಳಿ ಆಗಲೇ ನಾಲ್ಕೈದು ಮಂದಿ ಕುಳಿತಿರುತ್ತಿದ್ದರು. "ಬಂದ್ಯಾ ಅಣ್ಣ" ಎಂದು ಒಬ್ಬರು ಅನ್ನುವರು. "ಬಂದೆ ಕಣಪ್ಪ" ಎಂದು ತಂದೆ ಅನ್ನುವರು. ಅಲ್ಲಿಗೆ ಮಾತು ಮುಗಿಯಿತು. ಲಾಂದ್ರದ ಬತ್ತಿಯನ್ನು ಇಳಿಸಿ, ಬದುವಿನ ಮೇಲೆ ಕುಕ್ಕರಗಾಲಿನಲ್ಲಿ ಕುಳಿತ ಆ ಜನ, ಗಂಟೆ, ಎರಡು ಗಂಟೆ, ಒಬ್ಬರ ಮುಖವನ್ನೊಬ್ಬರು ನೋಡದೆ, ಒಬ್ಬರೂ ನಿದ್ರಿಸದೆ, ಕಿವಿಯೊಂದನ್ನೇ ಎಚ್ಚರವಾಗಿಟ್ಟುಕೊಂಡು ಕುಳಿತಿರುವರು. ಒಣಗಿದ ಕಾಲುವೆಯಲ್ಲಿ ನೀರಿಗಿಂತ ಮುಂಚೆ ಅದು ತಳ್ಳಿಕೊಂಡು ಬರುವ ತರಗೆಲೆಯ ಸದ್ದು ಬರುತ್ತದೆ. ಆ ಸದ್ದನ್ನು ಮೊದಲು ಕೇಳಿದವನು, ಅವನು ಯಾರೇ ಆಗಿರಲಿ, "ಬಂತು" ಎಂದು ಹೇಳಿ ಏಳುತ್ತಿದ್ದನು. ಹಾಗೆ ಹೇಳುವ ಅಧಿಕಾರ ಪಟೇಲನಿಗುಂಟು, ಆಳಿಗಿಲ್ಲ ಎಂಬುದಿರಲಿಲ್ಲ. ಒಂದು ರಾತ್ರಿ ನಾನೇ ಹೇಳಿದೆನು. ನನಗಿಂತ ನಾಲ್ಕರಷ್ಟು ವಯಸ್ಸಾದವರು ನನ್ನ ಮಾತಿನ ಮೇಲೆ ಎದ್ದು ಗುದ್ದಲಿ ಹಿಡಿದರು.

ಇದನ್ನು ನಮ್ಮ ಕಡೆ ನೀರು ಕಾಯುವುದೆನ್ನುತ್ತಾರೆ. ಕಾಯುವುದೆಂಬ ನಮ್ಮ ಕ್ರಿಯಾಪದಕ್ಕೆ ನಿರೀಕ್ಷಿಸುವುದೆಂಬ ಅರ್ಥವೂ ಉಂಟು, ರಕ್ಷಿಸುವುದೆಂಬ ಅರ್ಥವೂ ಉಂಟು. ಬಸ್ಸಿಗೆ ಕಾಯುತ್ತೇವೆ, ಹೊಲವನ್ನು ಕಾಯುತ್ತೇವೆ, ನಮ್ಮನ್ನು ಕಾಯಪ್ಪಾ ಎಂದು ದೇವರ ಮುಂದೆ ಕೈಮುಗಿಯುತ್ತೇವೆ. ಬರಬೇಕಾದುದನ್ನು ಎದುರುನೋಡುತ್ತ ಕುಳಿತಿರುವವನು ಅಷ್ಟು ಹೊತ್ತೂ ಅದರ ದಾರಿಗೆ ಕಾವಲಾಗಿಯೂ ಇರುತ್ತಾನೆಂಬ ಈ ಅನುಭವವನ್ನು ನಮ್ಮ ಹಿರಿಯರು ಒಂದೇ ಮಾತಿನಲ್ಲಿ ಅಡಗಿಸಿ ಇಟ್ಟುಹೋಗಿದ್ದಾರೆ.

ಬದುವಿನ ಮೇಲಣ ಆ ಕೂಟವು ನನಗೆ ಮತ್ತೆ ನೆನಪಾದುದು, ಸುಮಾರು ಅರ್ಧ ಶತಮಾನ ಕಳೆದ ಮೇಲೆ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಮಗಳ ಮನೆಯಲ್ಲಿದ್ದಾಗ, ನೆರೆಯ ವೃದ್ಧೆಯೊಬ್ಬಳು ಒಂದು ಭಾನುವಾರ ಬೆಳಗ್ಗೆ ತಾನು ಹೋಗುವ ಕ್ವೇಕರರ ಉಪಾಸನಾಸಭೆಗೆ ನನ್ನನ್ನು ಕರೆದುಕೊಂಡು ಹೋದಾಗ. ಅಂದಿನಿಂದ ಇದನ್ನು ಕುರಿತು ನಮ್ಮ ಜನಕ್ಕೆ ಬರೆಯಬೇಕೆಂದಿದ್ದೆನು. ಮಂಡ್ಯ, ಮದ್ದೂರು, ಮಳವಳ್ಳಿಗಳ ಎಷ್ಟೋ ಮನೆಗಳ ಮಕ್ಕಳು ಈಗ ಆ ದೇಶದಲ್ಲಿಯೂ ಅಮೆರಿಕದಲ್ಲಿಯೂ ನೆಲೆಸಿದ್ದಾರೆ. ಅವರನ್ನು ನೋಡಲು ಹೋದ ತಂದೆತಾಯಿಗಳು ತಿಂಗಳುಗಟ್ಟಲೆ ಮನೆಯೊಳಗೇ ಕುಳಿತಿರುತ್ತಾರೆ. ಇಂಥದೊಂದು ಆಹ್ವಾನ ಬಂದಾಗ, ನಮಗೇಕೆ ಆ ಮತದವರ ಸಹವಾಸವೆಂದು ಸಂಕೋಚಪಡುತ್ತಾರೆ. ಸಂಕೋಚಪಡಬೇಕಾಗಿಲ್ಲ, ಹೋಗಿಬರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಅದನ್ನು ಧ್ಯಾನಶಿಬಿರವೆಂದು ತಿಳಿದು ಹೋಗಬಾರದು. ಧ್ಯಾನವನ್ನು ನಾವು ಬಲ್ಲೆವು, ಭಜನೆಯನ್ನು ಬಲ್ಲೆವು, ಹರಿಕಥೆಯನ್ನು ಬಲ್ಲೆವು; ಹತ್ತಾರು ಜನ ಕೂಡಿ, ಕೂಡಿಯೇ ಮಾಡತಕ್ಕ ಕೆಲಸವೆಂದು ಮೌನವನ್ನು ಮಾಡುವ ಸಭೆ ನಮಗೆ ಹೊಸದು.

ಈ ಸಮಾಜದ ಮೂಲಪುರುಷನಾದ ಜಾರ್ಜ್ ಫಾಕ್ಸನು 1624ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ಷೈರಿನ ಹಳ್ಳಿಯೊಂದರಲ್ಲಿ ನೇಕಾರನ ಮಗನಾಗಿ ಹುಟ್ಟಿದವನು. ದೊರೆಗೂ ಪಾರ್ಲಿಮೆಂಟಿಗೂ ಯುದ್ಧ ನಡೆದು ದೇಶವೇ ಛಿದ್ರವಾಗಿದ್ದ ಕಾಲದಲ್ಲಿ ಪಾದ್ರಿಗಳನ್ನೂ ಪಂಡಿತರನ್ನೂ ಅರಸಿ ಅಲೆದು, ಯಾರಿಂದಲೂ ಸಮಾಧಾನ ದೊರೆಯದೆ, ಕಡೆಗೆ ಪ್ರತಿಯೊಬ್ಬ ಮನುಷ್ಯನ ಅಂತರಂಗದಲ್ಲಿಯೂ ದೇವರ ಬೆಳಕಿನ ಅಂಶವೊಂದುಂಟು, ಅದನ್ನು ಕಾಣುವುದಕ್ಕೆ ನಡುವೆ ಮತ್ತೊಬ್ಬರು ಬೇಕಿಲ್ಲ ಎಂಬ ನಿಶ್ಚಯಕ್ಕೆ ಬಂದನು. 1650ರಲ್ಲಿ ಡಾರ್ಬಿಯ ನ್ಯಾಯಾಧೀಶನೊಬ್ಬನು ಅವನನ್ನೂ ಅವನ ಸಂಗಡಿಗರನ್ನೂ 'ನಡುಗುವವರು' ಎಂಬರ್ಥದಲ್ಲಿ ಕ್ವೇಕರರೆಂದು ಹೀಯಾಳಿಸಿ ಕರೆದನು. ಆ ಹೆಸರೇ ನಿಂತಿತು. ತಮ್ಮನ್ನು ತಾವು ಅವರು 'ಸ್ನೇಹಿತರು' ಎಂದು ಕರೆದುಕೊಳ್ಳುತ್ತಾರೆ. ಎಲ್ಲ ಕ್ವೇಕರರೂ ಮೌನವಾಗಿ ಕೂಡುವವರಲ್ಲವೆಂಬುದನ್ನೂ ಹೇಳಬೇಕು: ಇಂದು ಅವರು ಅತ್ಯಧಿಕ ಸಂಖ್ಯೆಯಲ್ಲಿರುವುದು ಆಫ್ರಿಕದ ಕೆನ್ಯಾದಲ್ಲಿ, ಅಲ್ಲಿ ಹಾಡು, ಪಾಠ, ಪಾದ್ರಿಯ ಉಪದೇಶ ಎಲ್ಲವೂ ಉಂಟು. ಇವಾವುವೂ ಇಲ್ಲದ ಹಳೆಯ ಪದ್ಧತಿಯನ್ನು ಬ್ರಿಟನ್ನಿನವರೂ ಅಮೆರಿಕದ ಕೆಲವರೂ ಇಂದಿಗೂ ಉಳಿಸಿಕೊಂಡಿದ್ದಾರೆ. ಅದರ ಹೆಸರನ್ನು ಕನ್ನಡದಲ್ಲಿ 'ಕಾರ್ಯಕ್ರಮವಿಲ್ಲದ ಉಪಾಸನೆ' ಎನ್ನಬಹುದು. ಪ್ರಾರ್ಥನಾಗೀತೆ, ಸ್ವಾಗತ, ದೀಪ ಬೆಳಗುವುದು, ಅಧ್ಯಕ್ಷರ ನುಡಿ, ವಂದನಾರ್ಪಣೆ ಎಂಬ ಕ್ರಮಕ್ಕೆ ಹುಟ್ಟಿನಿಂದ ಒಗ್ಗಿಹೋದ ನಮಗೆ ಕಾರ್ಯಕ್ರಮವಿಲ್ಲದ ಸಭೆಯೆಂದರೆ ಮೊದಲು ಅರ್ಥವೇ ಆಗುವುದಿಲ್ಲ.

ಹತ್ತು ನಿಮಿಷ ಮುಂಚಿತವಾಗಿ ಹೋಗುವುದು ಒಳ್ಳೆಯದು. ಬಾಗಿಲಲ್ಲಿ ಒಬ್ಬರು ನಿಂತಿರುತ್ತಾರೆ. ಕೈಕುಲುಕಿ ಒಳಗೆ ಬಿಡುತ್ತಾರೆ. ಜಾತಿ, ಮತ, ಊರು ಯಾವುದನ್ನೂ ಕೇಳುವುದಿಲ್ಲ. ವಿಶೇಷವಾದ ಉಡುಪು ಬೇಕಿಲ್ಲ. ನಾನು ಪಂಚೆ ಉಟ್ಟು, ಚಳಿಗೆ ಕೋಟು ಹಾಕಿಕೊಂಡು ಹೋಗಿದ್ದೆನು, ಯಾರೂ ತಿರುಗಿ ನೋಡಲಿಲ್ಲ. ಒಳಗೆ ಬಿಳಿಯ ಗೋಡೆ, ಎತ್ತರದ ಕಿಟಕಿಗಳು, ಚೌಕವಾಗಿ ಒಂದರ ಎದುರಿಗೊಂದು ಇಟ್ಟ ಕುರ್ಚಿಗಳು, ನಡುವೆ ಒಂದು ಮೇಜು, ಮೇಜಿನ ಮೇಲೆ ಒಂದು ಹೂಜಿಯಲ್ಲಿ ತೋಟದ ಹೂವು, ಒಂದು ಬೈಬಲ್ಲು, ಅವರ ಸಮಾಜದ ಅನುಭವಗಳನ್ನು ಸಂಗ್ರಹಿಸಿದ ಒಂದೆರಡು ಪುಸ್ತಕ. ಶಿಲುಬೆಯಿಲ್ಲ, ಪ್ರತಿಮೆಯಿಲ್ಲ, ಪೀಠವಿಲ್ಲ. ಯಾವುದು ಮುಂದೆ, ಯಾವುದು ಹಿಂದೆ ಎಂಬುದೇ ತಿಳಿಯದ ಆ ಕೊಠಡಿಯಲ್ಲಿ ಬಾಗಿಲ ಹತ್ತಿರದ ಕುರ್ಚಿಯೊಂದರಲ್ಲಿ ಕುಳಿತೆನು. ಇನ್ನು ಪ್ರಾರಂಭವಾಗುತ್ತದೆ ಎಂದು ಕಾದಿದ್ದೆನು. ಸ್ವಲ್ಪ ಹೊತ್ತಿನ ಮೇಲೆ ತಿಳಿಯಿತು, ಮೊದಲನೆಯವರು ಬಂದು ಕುಳಿತಾಗಲೇ ಅದು ಪ್ರಾರಂಭವಾಗಿಬಿಟ್ಟಿತ್ತು ಎಂದು.

ಮೊದಲ ಹದಿನೈದು ನಿಮಿಷ ಕಷ್ಟವಾದುವು. ಇದನ್ನು ಮರೆಮಾಚಬಾರದು, ಏಕೆಂದರೆ ಹೊಸಬರು ಬೇಸರಗೊಂಡು ಎದ್ದುಬರುವುದು ಇದೇ ಘಟ್ಟದಲ್ಲಿ. ಗೋಡೆಯ ಗಡಿಯಾರದ ಸದ್ದು ತಲೆಯೊಳಗೇ ಹೊಡೆಯುವಂತಾಗುತ್ತದೆ, ಯಾರದೋ ಹೊಟ್ಟೆ ಗುಡುಗುಟ್ಟುತ್ತದೆ, ಕುರ್ಚಿ ಕಿರುಗುಟ್ಟುತ್ತದೆ, ಹೊರಗೆ ಬಸ್ಸೊಂದು ನಿಂತು ಹೊರಡುತ್ತದೆ. ಮನಸ್ಸು ಊರಿಗೆ ಹೋಗಿ, ಕಬ್ಬಿನ ಬಾಕಿ ಹಣ ಬಂದಿತೋ ಇಲ್ಲವೋ ಎಂಬಲ್ಲಿಂದ ತೊಡಗಿ, ಎಂದೋ ಯಾರೋ ಆಡಿದ ಮಾತಿಗೆ ಈಗ ತಕ್ಕ ಉತ್ತರವನ್ನು ಹುಡುಕುವವರೆಗೆ ಎಲ್ಲ ಕಡೆಯೂ ತಿರುಗಿ ಬರುತ್ತದೆ. ಅದನ್ನು ಹಿಡಿದು ಕಟ್ಟಬೇಕೆಂದು ಯಾರೂ ಅಲ್ಲಿ ಹೇಳಿಕೊಡುವುದಿಲ್ಲ. ಉಸಿರನ್ನು ಗಮನಿಸು, ನಾಮವನ್ನು ಜಪಿಸು ಎಂಬ ವಿಧಿಯೂ ಇಲ್ಲ. ಕಣ್ಣು ಮುಚ್ಚಬಹುದು, ತೆರೆದಿರಬಹುದು. ಮೇಜಿನ ಮೇಲಣ ಪುಸ್ತಕವನ್ನು ತೆಗೆದು ಒಂದು ಪುಟ ಓದಬಹುದು. ಕೆಮ್ಮು ಬಂದರೆ ಎದ್ದು ಹೊರಗೆ ಹೋಗಿ ಮತ್ತೆ ಬರಬಹುದು. ಮಕ್ಕಳು ಸಭೆಯ ಕೆಲವು ನಿಮಿಷ ಮಾತ್ರ ದೊಡ್ಡವರೊಡನೆ ಕುಳಿತಿದ್ದು, ಉಳಿದ ಹೊತ್ತನ್ನು ಪಕ್ಕದ ಕೊಠಡಿಯಲ್ಲಿ ಕಳೆಯುತ್ತಾರೆ.

ಆಮೇಲೆ, ಯಾವ ಕ್ಷಣದಲ್ಲೆಂದು ಹೇಳಲಾರೆ, ಕೊಠಡಿಯ ಮೌನವು ಬೇರೆಯಾಯಿತು. ಮೂವತ್ತು ಜನರು ಸುಮ್ಮನಿರುವುದು ಹೋಗಿ, ಮೂವತ್ತು ಜನರೂ ಒಂದೇ ಕಡೆಗೆ ಕಿವಿಗೊಟ್ಟಂತಾಯಿತು. ನನಗೆ ನೆನಪಾದುದು ತೂಬು. ಕ್ವೇಕರರು ಇಂಥ ಹೊತ್ತಿನಲ್ಲಿ ಸಭೆಯು 'ಕೂಡಿಬಂದಿತು' ಎನ್ನುತ್ತಾರಂತೆ. ಪ್ರತಿವಾರವೂ ಹಾಗಾಗುತ್ತದೆಂಬ ಭರವಸೆಯನ್ನು ಅವರು ಕೊಡುವುದಿಲ್ಲ. ಸುಮಾರು ಅರ್ಧಗಂಟೆಯಾದಾಗ ಎದುರಿನ ಸಾಲಿನಲ್ಲಿ ಒಬ್ಬ ಹೆಂಗಸು ಎದ್ದು ನಿಂತಳು. ಈ ವಾರ ತೀರಿಹೋದ ಅಣ್ಣನ ಮನೆಯನ್ನು ಖಾಲಿ ಮಾಡುತ್ತಿದ್ದುದಾಗಿಯೂ, ಬಟ್ಟೆ ಪಾತ್ರೆಗಳನ್ನೆಲ್ಲ ಕೊಟ್ಟುಬಿಟ್ಟರೂ ಅವನು ಹಿಡಿಹಿಡಿದು ಹಿಡಿಯೇ ಸವೆದುಹೋಗಿದ್ದ ಒಂದು ಉಳಿಯನ್ನು ಮಾತ್ರ ಕೊಡಲಾಗಲಿಲ್ಲವೆಂದೂ, ಅದು ತನ್ನ ಕೈಗೆ ಹೊಂದುವುದೂ ಇಲ್ಲ, ಬಿಡಲೂ ಆಗುವುದಿಲ್ಲವೆಂದೂ ಹೇಳಿ, ಕುಳಿತುಬಿಟ್ಟಳು. ಅಷ್ಟೇ. ಯಾರೂ ಅಯ್ಯೋ ಎನ್ನಲಿಲ್ಲ, ಯಾರೂ ಸಮಾಧಾನ ಹೇಳಲಿಲ್ಲ, ಜೀವನ ನಶ್ವರವೆಂದು ಯಾರೂ ವ್ಯಾಖ್ಯಾನ ಮಾಡಲಿಲ್ಲ. ಆ ಉಳಿಯನ್ನು ಮೂವತ್ತು ಜನರ ನಡುವೆ ಮೇಜಿನ ಮೇಲೆ ಇಟ್ಟಂತೆ ಅದು ಅಲ್ಲಿ ಇತ್ತು. ಹತ್ತು ನಿಮಿಷ ಎಲ್ಲರೂ ಅದನ್ನೇ ನೋಡುತ್ತಿದ್ದೆವು.

ಈ ಸಭೆಯಲ್ಲಿ ಮಾತನಾಡುವುದಕ್ಕೆ ನಿಷೇಧವಿಲ್ಲ. ಹೆಂಗಸು, ಗಂಡಸು, ಹಿರಿಯ, ಕಿರಿಯ, ಮೊದಲ ದಿನ ಬಂದವನು, ಯಾರು ಬೇಕಾದರೂ ಎದ್ದು ಮಾತನಾಡಬಹುದು. ಆದರೆ ಮಾತಿಗೆ ಅವರಲ್ಲಿರುವ ಸಂಯಮವು ನಾನು ಮತ್ತೆಲ್ಲಿಯೂ ಕಾಣದಂಥದು. ಇಂದು ಮಾತನಾಡಿಯೇ ತೀರುತ್ತೇನೆಂದೂ ಬರಬಾರದು, ಆಡುವುದೇ ಇಲ್ಲವೆಂದೂ ಬರಬಾರದು. ಬರೆದು ತಂದುದನ್ನು ಓದುವುದಿಲ್ಲ. ಒಬ್ಬರು ಆಡಿದ ಮೇಲೆ ಅದು ಎಲ್ಲರೊಳಗೂ ಇಳಿಯುವಷ್ಟು ಅವಕಾಶ ಕೊಡದೆ ಮತ್ತೊಬ್ಬರು ಏಳಬಾರದು. ಒಬ್ಬರ ಮಾತಿಗೆ ಉತ್ತರವಾಗಿ, ಖಂಡನೆಯಾಗಿ ಮಾತನಾಡಬಾರದು. ಸಾಮಾನ್ಯವಾಗಿ ಒಂದು ಸಭೆಯಲ್ಲಿ ಒಬ್ಬರು ಎರಡು ಸಲ ಏಳುವುದಿಲ್ಲ. ನನಗೆ ಆ ದಿವಸ ನನ್ನ ತಂದೆಯ ಗುದ್ದಲಿಯ ವಿಷಯವನ್ನು ಹೇಳಬೇಕೆಂಬ ಆಸೆ ಗಂಟಲವರೆಗೂ ಬಂದಿತ್ತು. ಹೇಳಲಿಲ್ಲ. ಬಂದ ಮಾತು ನನ್ನ ಸಮಾಧಾನಕ್ಕೋ, ಎಲ್ಲರಿಗೆ ಬೇಕಾದುದೋ ಎಂದು ಒಳಗೇ ತೂಗಿ ನೋಡಬೇಕೆಂದು ನೆರೆಯಾಕೆ ದಾರಿಯಲ್ಲಿ ತಿಳಿಸಿದ್ದಳು, ತೂಗಿದೆನು, ಅದು ನನ್ನದಾಗಿಯೇ ಉಳಿಯತಕ್ಕದ್ದೆಂದು ತೋರಿತು. ಯಾರೂ ಒಂದು ಮಾತನ್ನೂ ಆಡದೆ ಸಭೆ ಪೂರ್ತಿ ಮುಗಿಯುವ ವಾರಗಳೂ ಉಂಟು, ಅದನ್ನು ಕೊರತೆಯೆಂದು ಅವರು ಎಣಿಸುವುದಿಲ್ಲ. ಗಂಟೆಯಾದ ಮೇಲೆ, ಅದಕ್ಕೆಂದು ನೇಮಕವಾದ ಹಿರಿಯರಿಬ್ಬರು ಪರಸ್ಪರ ಕೈಕುಲುಕುತ್ತಾರೆ. ಅದನ್ನು ನೋಡಿ ಎಲ್ಲರೂ ಅಕ್ಕಪಕ್ಕದವರ ಕೈ ಹಿಡಿಯುತ್ತಾರೆ. ಹೊಸಬರಿದ್ದರೆ ಹೆಸರು ಕೇಳುತ್ತಾರೆ. ಆಮೇಲೆ ಚಹಾ, ಬಿಸ್ಕತ್ತು. ನಾನು ಮದ್ದೂರಿನವನೆಂದು ಹೇಳಿ, ಅದು ಎಲ್ಲಿದೆಯೆಂದು ವಿವರಿಸುತ್ತ ಒಂದು ಬಟ್ಟಲು ಚಹಾ ಆರಿಹೋಯಿತು.

ಇನ್ನು ನಮ್ಮವರು ನನ್ನನ್ನು ಕೇಳುವ ಪ್ರಶ್ನೆ: ಅವರು ಮತಾಂತರ ಮಾಡುತ್ತಾರೆಯೇ? ಆ ಸಭೆಯಲ್ಲಿ ಒಪ್ಪಿಕೊಳ್ಳಬೇಕಾದ ಸಿದ್ಧಾಂತವೊಂದನ್ನು ಯಾರೂ ನನ್ನ ಮುಂದೆ ಇಡಲಿಲ್ಲ. ಅವರಲ್ಲಿ ಲಿಖಿತವಾದ ಮತಪ್ರತಿಜ್ಞೆಯೇ ಇಲ್ಲ. ನೀರಿನ ದೀಕ್ಷೆಯಿಲ್ಲ, ರೊಟ್ಟಿ ದ್ರಾಕ್ಷಾರಸಗಳ ಸಂಸ್ಕಾರವಿಲ್ಲ. ವರ್ಷಗಟ್ಟಲೆ ಬಂದು ಕುಳಿತುಹೋಗುತ್ತಿದ್ದರೂ ಸದಸ್ಯರಾಗದವರು ಬಹಳ ಮಂದಿ. ಬ್ರಿಟನ್ನಿನ ಕ್ವೇಕರರಲ್ಲಿ ದೇವರೆಂಬ ಮಾತನ್ನೇ ಬಳಸಲು ಮನಸ್ಸೊಪ್ಪದವರೂ ಉಂಟು, ಅವರಿಗೂ ಅದೇ ಕುರ್ಚಿ. ನಮ್ಮ ಜಿಲ್ಲೆಯ ಅಕ್ಕಿಹೆಬ್ಬಾಳಿನಲ್ಲಿ ಹುಟ್ಟಿ, 'ದೇವರು' ಎಂಬ ಪುಸ್ತಕವನ್ನು ಬರೆದು ತಮ್ಮ ಅವಿಶ್ವಾಸವನ್ನು ಅಷ್ಟು ಸೌಜನ್ಯದಿಂದ ಕನ್ನಡಿಗರ ಮುಂದಿಟ್ಟ ಎ. ಎನ್. ಮೂರ್ತಿರಾಯರಂಥವರು ಆ ಕೊಠಡಿಗೆ ಬಂದಿದ್ದರೂ ಆತ್ಮವಂಚನೆ ಮಾಡಿಕೊಳ್ಳದೆ ಒಂದು ಗಂಟೆ ಕುಳಿತಿರಬಹುದಾಗಿತ್ತು ಎಂದು ನನಗೆ ಅನ್ನಿಸಿತು.

ಕಷ್ಟವಿರುವುದು ನಮ್ಮ ಕಣ್ಣಿಗೆ. ಗರ್ಭಗುಡಿಯ ಕತ್ತಲಲ್ಲಿ ಮಂಗಳಾರತಿ ಎತ್ತಿದಾಗ ಮದ್ದೂರಿನ ಉಗ್ರನರಸಿಂಹನ ಮುಖ ಬೆಳಗಿ ಕಾಣುವ ಆ ಕ್ಷಣಕ್ಕಾಗಿ ಕಾದು ನಿಲ್ಲುವ ನಮಗೆ, ತೀರ್ಥ ಪ್ರಸಾದಗಳನ್ನು ಅಂಗೈಯಲ್ಲಿ ಪಡೆದು ಹೊರಬರುವ ನಮಗೆ, ನೋಡಲು ಗೋಡೆಯೂ ಪಡೆಯಲು ಚಹವೂ ಮಾತ್ರ ಇರುವ ಉಪಾಸನೆ ಬರಿದೆನ್ನಿಸುವುದು ಸಹಜ. ಆದರೆ ನಮ್ಮ ನೆಲವು ಮೌನವನ್ನು ಕಾಣದ ನೆಲವಲ್ಲ. ಮದ್ದೂರು ತಾಲ್ಲೂಕಿನ ಅರೆತಿಪ್ಪೂರಿನ ಗುಡ್ಡದ ಮೇಲೆ ಗೊಮ್ಮಟನು ಶತಮಾನಗಳಿಂದ ನಿಂತೇ ಇದ್ದಾನೆ. ಮಳವಳ್ಳಿಯ ಕಡೆ, ಮಂಟೇಸ್ವಾಮಿಯ ನೆಲೆಯಾದ ಬೊಪ್ಪೇಗೌಡನಪುರದ ಪರಂಪರೆಗೆ ಸೇರಿದ ನೀಲಗಾರರು, ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರ ಬಳಿ ಕಬ್ಬಿಣದ ಭಿಕ್ಷೆಗೆ ಹೋದ ಕಥೆಯನ್ನು ರಾತ್ರಿಯಿಡೀ ಹಾಡುವಾಗ, ಒಂದು ಘಟ್ಟದಲ್ಲಿ ತಂಬೂರಿಯ ಶ್ರುತಿಯೊಂದನ್ನು ಮಾತ್ರ ಉಳಿಸಿ ಹಾಡನ್ನು ನಿಲ್ಲಿಸಿದರೆ ಕೂತ ಜನ ಉಸಿರನ್ನು ಹಿಡಿದಿರುವುದನ್ನು ನಾನು ಕಂಡಿದ್ದೇನೆ. ಸಾವಾದ ಮನೆಯ ಜಗಲಿಯನ್ನಂತೂ ಎಲ್ಲರೂ ಬಲ್ಲರು: ನೆರೆಯವರು ಬರುತ್ತಾರೆ, ಟವಲನ್ನು ಹೆಗಲಿನಿಂದ ತೆಗೆದು ತೊಡೆಯ ಮೇಲೆ ಹಾಕಿಕೊಂಡು ಕುಳಿತುಕೊಳ್ಳುತ್ತಾರೆ, ಗಂಟೆ ಹೊತ್ತು ಮಾತಿಲ್ಲದೆ ಕುಳಿತಿದ್ದು, "ಬತ್ತೀನಿ ಕಣವ್ವ" ಎಂದು ಎದ್ದು ಹೋಗುತ್ತಾರೆ. ಆ ಹೆಂಗಸಿನ ಉಳಿಗೆ ಬರ್ಮಿಂಗ್‌ಹ್ಯಾಮಿನಲ್ಲಿ ದೊರೆತ ಮರ್ಯಾದೆಯೂ ಇದೇ ಜಾತಿಯದು. ನಾವು ಇದನ್ನು ಸಾವಿನ ಮನೆಗೂ ತೂಬಿನ ಬಳಿಗೂ ಮಾತ್ರ ಮೀಸಲಿಟ್ಟೆವು. ಅವರು ವಾರಕ್ಕೊಂದು ಸಲದ ನಿಯಮವಾಗಿ ಮಾಡಿಕೊಂಡರು.

ಅವರ ಹಳೆಯ ನಡವಳಿಕೆಯೊಂದು ಮಂಡ್ಯದವರ ಮನಸ್ಸಿಗೆ ಬಹಳ ಹಿಡಿಸತಕ್ಕದ್ದು. ಆ ಕಾಲದ ಇಂಗ್ಲಿಷಿನಲ್ಲಿಯೂ ನಮ್ಮ ನೀನು, ನೀವುಗಳಂತೆ ಏಕವಚನ ಬಹುವಚನಗಳ ಭೇದವಿತ್ತು. ದೊಡ್ಡವರಿಗೆ ಬಹುವಚನವಲ್ಲದೆ ಮಾತನಾಡಿದರೆ ಅಪರಾಧವೆಂಬಂತಿತ್ತು. ಕ್ವೇಕರರು ನ್ಯಾಯಾಧೀಶನಿಗೂ ಪ್ರಭುವಿಗೂ ಕೂಲಿಯವನಿಗೂ ಒಂದೇ ಏಕವಚನವನ್ನು ಬಳಸಿದರು, ಯಾರ ಮುಂದೆಯೂ ಟೋಪಿ ತೆಗೆಯಲಿಲ್ಲ. ಅದಕ್ಕಾಗಿ ಏಟು ತಿಂದರು, ಸೆರೆಮನೆ ಸೇರಿದರು. ಹಿರಿಯನಿಗೂ ದೇವರಿಗೂ ನೀನು ಎಂದೇ ಅಕ್ಕರೆಯಿಂದ ಮಾತನಾಡುವ ನಮ್ಮ ಸೀಮೆಯ ಆಡುನುಡಿಯನ್ನು ಒರಟೆಂದು ಹೀಗಳೆಯುವವರು ಈ ಇತಿಹಾಸವನ್ನು ಓದಬೇಕು. ಗಿರಾಕಿ ಯಾರೇ ಆಗಲಿ ಒಂದೇ ಬೆಲೆ ಹೇಳುವುದನ್ನು ವ್ಯಾಪಾರದಲ್ಲಿ ನಿಯಮವಾಗಿ ಇಟ್ಟುಕೊಂಡವರೂ ಅವರೇ. ಮಗುವನ್ನು ಕಳುಹಿಸಿದರೂ ಮೋಸವಾಗದ ಅಂಗಡಿಯೆಂಬ ಕೀರ್ತಿ ಅದರಿಂದ ಬಂದಿತು. ಹೆಂಗಸರು ಸಭೆಯಲ್ಲಿ ಮಾತನಾಡುವ ಹಕ್ಕನ್ನು ಸಮರ್ಥಿಸಿ ಮಾರ್ಗರೆಟ್ ಫೆಲ್ ಎಂಬಾಕೆ ಪ್ರಕಟಿಸಿದ ಗ್ರಂಥ 1666ರದು.

ಮೌನವಾಗಿ ಕುಳಿತವರಿಂದ ಸರ್ಕಾರಕ್ಕೇನು ಭಯವೆಂದು ಕೇಳಬಹುದು. ಭಯವಿತ್ತು. ಅಧಿಕೃತ ಚರ್ಚಿನ ಹೊರಗೆ ಜನ ಪೂಜೆಗೆ ಕೂಡಬಾರದೆಂದು 1664ರಲ್ಲಿ ಕಾನೂನಾಯಿತು. 1670ರಲ್ಲಿ ಲಂಡನ್ನಿನ ಗ್ರೇಸ್‌ಚರ್ಚ್ ಬೀದಿಯ ಸಭಾಗೃಹಕ್ಕೆ ಬೀಗ ಬಿದ್ದಾಗ ಅವರು ಬೀದಿಯಲ್ಲಿಯೇ ಸಭೆ ಕೂಡಿದರು. ಅಲ್ಲಿ ಮಾತನಾಡಿದ ವಿಲಿಯಂ ಪೆನ್ ಎಂಬ ಕ್ವೇಕರನನ್ನು ಅಪರಾಧಿಯೆಂದು ಸಾರಲೊಲ್ಲದ ಜ್ಯೂರಿಗಳನ್ನು ಅನ್ನನೀರಿಲ್ಲದೆ ಕೂಡಿಹಾಕಿದರು. ಆ ಜ್ಯೂರಿಗಳಲ್ಲೊಬ್ಬನಾದ ಬುಷೆಲನ ಮೊಕದ್ದಮೆಯಿಂದ, ತೀರ್ಪಿಗಾಗಿ ಜ್ಯೂರಿಯನ್ನು ದಂಡಿಸಕೂಡದೆಂಬ ನ್ಯಾಯ ಸ್ಥಿರವಾಯಿತು. ಬ್ರಿಸ್ಟಲ್ ನಗರದಲ್ಲಿ ದೊಡ್ಡವರೆಲ್ಲ ಸೆರೆಯಲ್ಲಿದ್ದಾಗ ಮಕ್ಕಳೇ ಬಂದು ಕುಳಿತು ಸಭೆಯನ್ನು ನಡೆಸಿಕೊಂಡು ಹೋದರು. ಇದನ್ನೋದುವಾಗ ನನ್ನ ಮನಸ್ಸು ಶಿವಪುರಕ್ಕೆ ಹೋಗುತ್ತದೆ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಮಗ್ಗುಲ ಆ ಬಯಲಿನಲ್ಲಿ, ನಿಷೇಧಾಜ್ಞೆಯಿದ್ದರೂ ಸೇರಿ, ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಧ್ವಜವನ್ನೆತ್ತಿ ಸೆರೆಗೆ ನಡೆದ ನಮ್ಮ ಹಿರಿಯರು ಮೌನವ್ರತದವರೇನೂ ಅಲ್ಲ, ಘೋಷಣೆಗಳನ್ನು ಕೂಗಿದವರೇ. ಆದರೆ ಕೂಡಬೇಡವೆಂದಾಗ ಕೂಡುವುದು, ಹೊಡೆಯಬಂದಾಗ ಕೈಯೆತ್ತದಿರುವುದು, ಈ ಎರಡರ ಮಟ್ಟಿಗೆ ಗ್ರೇಸ್‌ಚರ್ಚ್ ಬೀದಿಯೂ ಶಿವಪುರದ ಬಯಲೂ ನೆರೆಹೊರೆಯವು. ಇಂದು ಅಲ್ಲಿರುವ ಸತ್ಯಾಗ್ರಹ ಸೌಧದ ಮುಂದೆ ಹೋಗುವಾಗಲೆಲ್ಲ, ಈ ಆವರಣದಲ್ಲಿ ತಿಂಗಳಿಗೊಂದು ಸಲವಾದರೂ ಜನ ಸುಮ್ಮನೆ ಕೂಡುವಂತಾದರೆ ಎಷ್ಟು ಚೆನ್ನ ಎಂದು ಆಶಿಸುತ್ತೇನೆ.

ಉಪಾಸನೆಯನ್ನು ಬಿಟ್ಟರೂ, ಅವರ ವ್ಯವಹಾರಸಭೆಯ ರೀತಿಯನ್ನು ನಾವು ಅವಶ್ಯವಾಗಿ ನೋಡಬೇಕು. ಕಟ್ಟಡದ ರಿಪೇರಿಯಿಂದ ಹಿಡಿದು ಯುದ್ಧದ ವಿಷಯದವರೆಗೆ ಯಾವುದನ್ನು ತೀರ್ಮಾನಿಸಬೇಕಾದರೂ ಅವರು ಕೈಯೆತ್ತಿಸಿ ಎಣಿಸುವುದಿಲ್ಲ. ಮೌನದಿಂದ ತೊಡಗಿ, ಒಬ್ಬೊಬ್ಬರೂ ಎದ್ದು ಹೇಳಿದುದನ್ನು ಕೇಳಿ, ಮಾತು ಬಿಸಿಯೇರಿತೆಂದು ಕಂಡೊಡನೆ ಮತ್ತೆ ಮೌನಕ್ಕೆ ಹಿಂದಿರುಗಿ, ಸಭೆಯ ಮನಸ್ಸು ಎತ್ತ ತಿರುಗಿದೆಯೆಂಬುದನ್ನು ಅದಕ್ಕೆಂದು ನೇಮಕವಾದ ಲೇಖಕರು ಗುರುತಿಸಿ, ಅಲ್ಲಿಯೇ ಬರೆದು, ಅಲ್ಲಿಯೇ ಓದಿ, ಎಲ್ಲರೂ ಸರಿಯೆಂದ ಮೇಲೆ ಅದು ನಿರ್ಣಯವಾಗುತ್ತದೆ. ಮನಸ್ಸು ಕೂಡದಿದ್ದರೆ ಮುಂದಿನ ಸಭೆಗೆ ಹೋಗುತ್ತದೆ. ನಮ್ಮ ಊರುಗಳ ಕಡೆ ಒಂದು ಸಹಕಾರ ಸಂಘದ ವಾರ್ಷಿಕ ಸಭೆಯಲ್ಲಿ, ನೀರಿನ ಹಂಚಿಕೆಯ ಮಾತು ಬಂದು, ಕೂಗು ಕೂಗಿಗೆ ಸೇರಿ, ಧ್ವನಿವರ್ಧಕ ಯಾರ ಕೈಯಲ್ಲಿದೆಯೋ ಅವರದೇ ನ್ಯಾಯವಾಗಿ, ಎರಡು ತಲೆಮಾರಿನ ಸ್ನೇಹವಿದ್ದ ಮನೆಗಳು ಆ ಸಂಜೆಯಿಂದ ಮಾತು ಬಿಟ್ಟುದನ್ನು ನಾನು ಕಣ್ಣಾರೆ ನೋಡಿದ್ದೇನೆ. ನಡುವೆ ಐದು ನಿಮಿಷ, ಐದೇ ನಿಮಿಷ, ಎಲ್ಲರೂ ಬಾಯಿಮುಚ್ಚಿ ಕುಳಿತಿದ್ದರೆ ಆ ಮಾತುಗಳಲ್ಲಿ ಕೆಲವಾದರೂ ಹೊರಗೆ ಬರುತ್ತಿರಲಿಲ್ಲ. ರಾತ್ರಿ ತೂಬಿನ ಬಳಿ ಅಷ್ಟು ಸಂಯಮದಿಂದ ಕುಳಿತಿದ್ದ ಜನರ ಮಕ್ಕಳೇ ಇವರು ಎಂಬುದು ನನಗೆ ಅತ್ಯಂತ ದುಃಖವನ್ನುಂಟುಮಾಡಿತು.

ಕಾಯುವುದಕ್ಕೂ ಒಂದು ದೋಷವುಂಟು, ಅದನ್ನು ಹೇಳದಿದ್ದರೆ ಈ ಲೇಖನ ಅಸತ್ಯವಾಗುತ್ತದೆ. ಗುಲಾಮಗಿರಿ ಪಾಪವೆಂದು ಪೆನ್ಸಿಲ್ವೇನಿಯದ ಜರ್ಮನ್‌ಟೌನಿನ ಕೆಲವರು ತಮ್ಮ ಸಮಾಜದ ಮುಂದೆ ಲಿಖಿತವಾಗಿ ದೂರಿಟ್ಟುದು 1688ರಲ್ಲಿ. ಗುಲಾಮರನ್ನು ಇಟ್ಟುಕೊಂಡವರಿಗೆ ನಮ್ಮಲ್ಲಿ ಸ್ಥಾನವಿಲ್ಲವೆಂದು ಫಿಲಡೆಲ್ಫಿಯದ ವಾರ್ಷಿಕ ಸಭೆಯು ನಿಶ್ಚಯಿಸಿದುದು 1776ರಲ್ಲಿ. ಎಂಬತ್ತೆಂಟು ವರ್ಷ. ಸಭೆಯ ಮನಸ್ಸು ಕೂಡಲೆಂದು ಕಾದವರು ಸ್ವತಂತ್ರರು. ಆ ಕಾಯುವಿಕೆಯ ಬೆಲೆಯನ್ನು ತೆತ್ತವರು ಆ ಕೊಠಡಿಯಲ್ಲಿರಲಿಲ್ಲ. ನಮ್ಮ ಹಳ್ಳಿಯಲ್ಲಿಯೂ ಮೌನವು ಎಷ್ಟೋ ಸಲ ಅನ್ಯಾಯಕ್ಕೆ ಹೊದಿಕೆಯಾಗಿದೆ. ಕೇರಿಯ ಬಾವಿಯ ಮಾತು ಬಂದಾಗ ಜಗಲಿಯ ಮೇಲಿದ್ದವರು ಸುಮ್ಮನಿದ್ದರು. ಹಾಗಾದರೆ ವ್ಯತ್ಯಾಸವೆಲ್ಲಿ? ಜಾನ್ ವುಲ್ಮನ್ ಎಂಬ ಸಾಧಾರಣ ದರ್ಜಿಯೊಬ್ಬನು ಆ ಮೌನದೊಳಗೆ ಕುಳಿತಿದ್ದು, ಗುಲಾಮರಿದ್ದ ಮನೆಮನೆಗೂ ಹೋಗಿ, ಯಜಮಾನನನ್ನು ಬಯ್ಯದೆ, ಆದರೆ ಬಿಡದೆ, ಸಾಯುವವರೆಗೂ ಮಾತನಾಡಿದನು. 1787ರಲ್ಲಿ ಲಂಡನ್ನಿನಲ್ಲಿ ಗುಲಾಮರ ವ್ಯಾಪಾರವನ್ನು ನಿಲ್ಲಿಸುವುದಕ್ಕೆಂದು ಕೂಡಿದ ಹನ್ನೆರಡು ಜನರ ಸಮಿತಿಯಲ್ಲಿ ಒಂಬತ್ತು ಮಂದಿ ಕ್ವೇಕರರು. ಸದ್ದು ಕೇಳಿಸಿದ ಮೇಲೂ "ಬಂತು" ಎನ್ನದೆ ಕುಳಿತಿರುವವನು ನೀರು ಕಾಯುವವನಲ್ಲ.

ನಮ್ಮ ದೇಶಕ್ಕೂ ಅವರಿಗೂ ಇರುವ ನಂಟು ಹಳೆಯದು. ಗಾಂಧೀಜಿ 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಹೋದಾಗ ಬರ್ಮಿಂಗ್‌ಹ್ಯಾಮಿನಲ್ಲಿದ್ದ ಅವರ ವುಡ್‌ಬ್ರೂಕ್ ವಿದ್ಯಾಕೇಂದ್ರಕ್ಕೂ ಹೋಗಿದ್ದರು. ಸೋಮವಾರದ ಮೌನವನ್ನು ಪಾಲಿಸುತ್ತಿದ್ದ ಅವರಿಗೆ ಆ ಜನ ಹೊರಗಿನವರೆಂದು ತೋರಿರಲಾರದು. ಅಲ್ಲಿ ಪಾಠ ಹೇಳುತ್ತಿದ್ದ ಹೊರೇಸ್ ಅಲೆಕ್ಸಾಂಡರರು 1947ರ ಆಗಸ್ಟ್‌ನಲ್ಲಿ, ಕಲ್ಕತ್ತೆ ಹೊತ್ತಿ ಉರಿಯುತ್ತಿದ್ದಾಗ, ಬೇಲ್ಯಾಘಾಟದ ಮನೆಯಲ್ಲಿ ಗಾಂಧೀಜಿಯ ಜೊತೆಗಿದ್ದರು. ಅದೇ ವರ್ಷ ಬ್ರಿಟನ್ನಿನ ಮತ್ತು ಅಮೆರಿಕದ ಎರಡು ಕ್ವೇಕರ್ ಸೇವಾಸಂಸ್ಥೆಗಳಿಗೆ ನೊಬೆಲ್ ಶಾಂತಿಪಾರಿತೋಷಕ ಬಂದಿತು. 1928ರಲ್ಲಿ ಮದರಾಸಿಗೆ ಉಪಾಧ್ಯಾಯಿನಿಯಾಗಿ ಬಂದ ಮಾರ್ಜೊರಿ ಸೈಕ್ಸ್ ಶಾಂತಿನಿಕೇತನ, ಸೇವಾಗ್ರಾಮಗಳಲ್ಲಿ ದುಡಿದು, ನಮಗೆ ಸಮೀಪವಾದ ನೀಲಗಿರಿಯ ಕೋಟಗಿರಿಯಲ್ಲಿ ಬಹುಕಾಲ ನೆಲೆಸಿದ್ದರು. ತಿರುವನಂತಪುರದಲ್ಲಿ 2007ರಲ್ಲಿ ತೀರಿಕೊಂಡ, ಇಟ್ಟಿಗೆಯನ್ನು ಗಾರೆಯಿಂದ ಮುಚ್ಚದೆ ಬಡವರಿಗೆ ಸುಂದರವಾದ ಮನೆಗಳನ್ನು ಕಟ್ಟಿಕೊಟ್ಟ ಲಾರಿ ಬೇಕರರೂ ಇದೇ ಸಮಾಜದವರು. ಹೊರೇಸ್ ಅಲೆಕ್ಸಾಂಡರರು ಪಕ್ಷಿಗಳನ್ನು ಬಲ್ಲವರಾಗಿದ್ದರೆಂದು ತಿಳಿದಾಗ ನನಗೆ ಸಂತೋಷವಾಯಿತು. ನಮ್ಮ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ, ಮನೆಯಂಗಳದ ಹುಣಸೆಮರದ ಮೇಲೆ ಹೆಜ್ಜಾರ್ಲೆ ಮರಿಗೆ ಗುಟುಕು ಕೊಡುವುದನ್ನು ನೋಡಬೇಕಾದರೆ, ಮರದ ಕೆಳಗೆ ಅಲುಗಾಡದೆ ಕುಳಿತಿರಬೇಕು. ಆ ಊರಿನ ಮುದುಕಿಯರಿಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ.

ಆದುದರಿಂದ ಪರದೇಶದಲ್ಲಿ ಇಂಥ ಸಭೆಗೆ ಕರೆ ಬಂದರೆ ನಮ್ಮವರು ಹೋಗಲಿ. ಹೋಗಲಾರದವರು ಇಲ್ಲಿಯೇ ಮಾಡಿ ನೋಡಲಿ. ಅದಕ್ಕೆ ಕ್ವೇಕರರ ಹೆಸರೂ ಬೇಕಿಲ್ಲ, ಅಪ್ಪಣೆಯೂ ಬೇಕಿಲ್ಲ. ಮಂಡ್ಯದಲ್ಲಿ ಯಾವುದಾದರೂ ಶಾಲೆಯ ಕೊಠಡಿ, ಮದ್ದೂರಿನಲ್ಲಿ ಯಾರದಾದರೂ ಹಜಾರ, ಮಳವಳ್ಳಿಯಲ್ಲಿ ಒಂದು ಮರದ ನೆರಳು ಸಾಕು; ಚೌಕವಾಗಿ ಹಾಸಿದ ಚಾಪೆ, ಎಲ್ಲರಿಗೂ ಕಾಣುವಂತೆ ಒಂದು ಗಡಿಯಾರ, ಬೇಕೆಂದರೆ ನಡುವೆ ಒಂದು ಚೊಂಬಿನಲ್ಲಿ ಹೂವು. ದೂರವಾಣಿಗಳನ್ನು ಹೊರಗಿನ ಒಂದು ಬುಟ್ಟಿಯಲ್ಲಿ ಹಾಕಿಬರಬೇಕು. ಮೊದಲು ಅರ್ಧಗಂಟೆಯೇ ಸಾಕು, ಗಂಟೆಯೆಂದರೆ ಜನ ಹೆದರುತ್ತಾರೆ. ಗೌಡರೂ ಕೇರಿಯವರೂ ಒಂದೇ ಚಾಪೆಯ ಮೇಲೆ ಕುಳಿತುಕೊಳ್ಳಬೇಕು. ಇದೊಂದು ಮಾತಿನಲ್ಲಿ ಮಾತ್ರ ರಾಜಿಯಿಲ್ಲ. ಯಾರಾದರೂ ಇಂಥದನ್ನು ಪ್ರಾರಂಭಿಸಿ, ದಿವಸವನ್ನೂ ವೇಳೆಯನ್ನೂ ತಿಳಿಸಿದರೆ ನಾನು ಖಂಡಿತ ಬರುತ್ತೇನೆ, ಹತ್ತು ನಿಮಿಷ ಮುಂಚಿತವಾಗಿ.